ನಾಲ್ಕು ಇಶ್ಯೂಗಳ ಬೆಕ್ಕು

ಹಾಗಾದರೆ ಬೆಕ್ಕಿನ ಮರಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕಿತ್ತು, ಮಾನ್ಯರೇ? ನಿನ್ನೆ ಪಾಲಿಕೆಯ ನಿಮ್ಮ ಕಚೇರಿಯಲ್ಲಿ ಮಾತು ಇಲ್ಲಿಗೇ ನಿಂತಿತ್ತು. ನಿಮಗೆ ಊಟದ ಹೊತ್ತಾಗಿತ್ತು, ಎದ್ದಿರಿ. 'ಕಿಟನ್' ಎಂಬ ಶಬ್ದ ನನಗೆ ಗೋಪನಕೊಪ್ಪದಲ್ಲಿ ಬಸ್ಸಿಳಿದ ಮೇಲೆ ನೆನಪಾಯಿತು. ತಿರುಗಿ ಬಂದು ಹೇಳುವಷ್ಟು ತ್ರಾಣ ಮೊಣಕಾಲಿನಲ್ಲಿ ಇರಲಿಲ್ಲ. ಆದ್ದರಿಂದ ಉಳಿದದ್ದನ್ನು ಪತ್ರಿಕೆಯ ಮೂಲಕ, ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ನನ್ನ ತಕರಾರು ಇಷ್ಟೇ: ಬೀದಿ ಪ್ರಾಣಿಗಳ ಹಾವಳಿ ನೋಡಿಕೊಳ್ಳುವ ನಿಮ್ಮ ವಿಭಾಗ ನನ್ನ ಮನೆಯಿಂದ ಬೆಕ್ಕನ್ನು ಓಡಿಸಲಿಲ್ಲ, ಮಕಬೂಲಸಾಬನನ್ನು ಓಡಿಸಿತು.

ಮಕಬೂಲಸಾಬ ನಮ್ಮ ಗೋಡೆಗೆ ಹತ್ತಿದ ಮನೆಯವನು. ಮನೆಯ ಮುಂದೆಯೇ ಅವನ ಸ್ಕೂಟರು ರಿಪೇರಿ ಗ್ಯಾರೇಜು. ಅವನ ಹೆಂಡತಿ ಫಿರದೋಸ ಬೆಕ್ಕೊಂದಕ್ಕೆ ಹಾಲು ಹಾಕುತ್ತಾಳೆ. ಹಾಲು ಅಲ್ಲಿ, ಉಳಿದ ಸಂಸಾರವೆಲ್ಲ ನಮ್ಮಲ್ಲಿ. ಒಣಹಾಕಿದ ಶಾವಿಗೆಯ ಮೇಲೆ ಮಲಗುವುದು, ಮಲ್ಲಿಗೆಯ ಬುಡ ಕೆದರಿ ಮಾಡಬಾರದ್ದನ್ನು ಮಾಡುವುದು, ಪೂಜೆಗೆ ಕುಳಿತವನ ಬೆನ್ನಿಗೆ ಮೈ ತಿಕ್ಕುವುದು. ನಾನು ಹೂಡಿದ ಉಪಾಯಗಳನ್ನು ಹೇಳಿಕೊಳ್ಳಲು ನಾಚಿಕೆ. ಕಿತ್ತಳೆ ಸಿಪ್ಪೆ ಹರಡಿದರೆ ಬರುವುದಿಲ್ಲ ಎಂದು ಯಾರೋ ಹೇಳಿದರು. ಕಿತ್ತಳೆಯನ್ನು ನಾನು ತಿಂದೆ, ಸಿಪ್ಪೆಯ ಜೊತೆ ಅದು ಆಡಿತು. ನೀರು ಎರಚಲು ಹೋಗಿ ಜಾರಿ ಬಿದ್ದೆ. ಅದು ಗೋಡೆಯ ಮೇಲೆ ಕುಳಿತು, ನಾನು ಏಳುವವರೆಗೂ ಸಾವಕಾಶವಾಗಿ ನೋಡಿತು. ಕೊನೆಗೆ ಅಟ್ಟದ ಮೇಲೆ, ತೀರಿಕೊಂಡ ನನ್ನ ಹೆಂಡತಿ ದಾಕ್ಷಾಯಿಣಿ ಹೊಲಿದಿಟ್ಟ ಕೌದಿಯ ಮೇಲೆ, ನಾಲ್ಕು ಮರಿ ಹಾಕಿತು. ಆಕೆ ಇದ್ದಿದ್ದರೆ ಬೆಕ್ಕಿಗೂ ಬಾಣಂತನ ಮಾಡುತ್ತಿದ್ದಳು. ನಾನು ಅರ್ಜಿ ಬರೆದೆ.

ಕನ್ನಡದಲ್ಲಿ ಬರೆದಿದ್ದರೆ ಏನು ಕಡಿಮೆಯಾಗುತ್ತಿತ್ತು? ಏನೂ ಇಲ್ಲ. ಆದರೆ ನಾನು ಕಾಲೇಜು ಕಲಿತವನೆಂದು ನಿಮಗೆ ಗೊತ್ತಾಗುವುದು ಹೇಗೆ? 'ಮೈ ನೇಬರ್ ಮಕಬೂಲಸಾಬ್ಸ್ ಕ್ಯಾಟ್, ಫೋರ್ ಇಶ್ಯೂಸ್, ಕೈಂಡ್ಲಿ ರಿಮೂವ್' ಎಂದು ಬರೆದು, ಕೆಳಗೆ ಉದ್ದನೆಯ ಸಹಿ ಎಳೆದೆ. ಇಶ್ಯೂ ಎಂದರೆ ಸಂತಾನ, ಸ್ವಾಮೀ. ಕಿತ್ತೂರಿನ ದೊರೆ ಇಶ್ಯೂ ಇಲ್ಲದೆ ತೀರಿಕೊಂಡ, ಅದಕ್ಕೇ ಕಂಪನಿಯವರು ಕಣ್ಣು ಹಾಕಿದರು ಎಂದು ಇತಿಹಾಸದ ತರಗತಿಯಲ್ಲಿ ನಮಗೆ ಮತ್ತೆ ಮತ್ತೆ ಹೇಳಿದ್ದರು. ಓದಿದ್ದೆಲ್ಲ ಹೋಗಿ ಆ ಶಬ್ದವೊಂದು ಯಾಕೆ ಉಳಿಯಿತೋ. ದಾಕ್ಷಾಯಿಣಿಗೂ ನನಗೂ ಮಕ್ಕಳಾಗಲಿಲ್ಲ, ಅದಕ್ಕೇ ಇರಬೇಕು.

ನಿಮ್ಮವರಿಗೆ ಗೊತ್ತಿರುವುದು ಈಗಿನ ಇಶ್ಯೂ. ನಿಮ್ಮ ಸಿಬ್ಬಂದಿಯೊಬ್ಬರು ಗ್ಯಾರೇಜಿಗೆ ಬಂದು, ಗಿರಾಕಿಗಳ ಎದುರಿಗೇ, "ನೀಲಕಂಠಪ್ಪನವರು ನಿಮ್ಮ ಮ್ಯಾಲೆ ನಾಕು ಇಶ್ಯೂ ಬರದಾರ. ಒಂದು ಬೆಕ್ಕಿಂದು. ಉಳದ ಮೂರು ಏನಂತ ನೀವ ಹೇಳ್ರಿ" ಎಂದರಂತೆ. ಇದಕ್ಕಿಂತ ಜಾಣ ವಿಚಾರಣೆಯನ್ನು ಯಾವ ನ್ಯಾಯಾಲಯ ಮಾಡೀತು? ಫಿರ್ಯಾದಿ ಹೇಳದ ತಪ್ಪನ್ನು ಆರೋಪಿಯೇ ಹುಡುಕಿ ಕೊಡಬೇಕು. ಪಾಪ, ಮಕಬೂಲಸಾಬ ಹುಡುಕಿದ. ನಾನು ಮಧ್ಯಾಹ್ನ ಮಲಗುವ ಹೊತ್ತಿಗೆ ಸುತ್ತಿಗೆ ಬಡಿಯುವುದು ಒಂದಿರಬೇಕು ಎಂದು ಅದನ್ನು ನಿಲ್ಲಿಸಿದ. ನಮ್ಮ ಗೋಡೆಯ ನೆರಳಿಗೆ ನಿಲ್ಲಿಸುತ್ತಿದ್ದ ಸ್ಕೂಟರುಗಳನ್ನು ಬಿಸಿಲಿಗೆ ಸರಿಸಿದ. ಮೂರನೆಯದು, ಸಂಜೆ ಗ್ಯಾರೇಜು ಮುಚ್ಚಿ ನಮ್ಮ ಕಟ್ಟೆಗೆ ಬಂದು ಚಹಾ ಕುಡಿಯುತ್ತ ಕುಳಿತುಕೊಳ್ಳುವುದು. ಅದನ್ನೂ ಬಿಟ್ಟ. ಬೆಕ್ಕು ಮಾತ್ರ ಬರುತ್ತಲೇ ಇದೆ. ಅದನ್ನು ನಿಮ್ಮವರು ವಿಚಾರಿಸಿರಲಿಲ್ಲ.

ಆ ಕಟ್ಟೆಯ ಮೇಲೆ ನಾವೇನು ದೇಶದ ಉದ್ಧಾರ ಮಾಡುತ್ತಿರಲಿಲ್ಲ. ಅವನು ಕಾರ್ಬರೇಟರ್ ಬಗ್ಗೆ ಹೇಳುತ್ತಿದ್ದ, ನನಗೆ ತಿಳಿಯುತ್ತಿರಲಿಲ್ಲ. ನಾನು ಇತಿಹಾಸ ಹೇಳುತ್ತಿದ್ದೆ, ಅವನು ಆಕಳಿಸುತ್ತಿದ್ದ. ಆದರೆ ದಾಕ್ಷಾಯಿಣಿ ಹೋದ ಮೇಲೆ ದಿನಕ್ಕೊಮ್ಮೆಯಾದರೂ ನನ್ನ ದನಿ ನನಗೆ ಕೇಳಿಸುತ್ತಿದ್ದದ್ದು ಅಲ್ಲಿಯೇ.

ಗ್ಯಾರೇಜಿಗೆ ನಾನೇ ಹೋದೆ. ಇಶ್ಯೂ ಎಂದರೆ ಮರಿ ಎಂದು ಕೈಮುಗಿದು ಹೇಳಿದೆ. ಕಾಲೇಜಿಗೆ ಹೋಗುವ ಅವನ ಮಗಳು ಅಲ್ಫಿಯಾ, "ಇಶ್ಯೂ ಅಂದ್ರ ಪ್ರಾಬ್ಲೆಮ್ ರೀ ಅಜ್ಜಾರ, ನಮ್ಮ ಕಾಲೇಜಿನ್ಯಾಗ ದಿನಾ ಇರತಾವು" ಎಂದಳು. ಮಕಬೂಲಸಾಬ ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಕೆಳಗಿಡಲಿಲ್ಲ.

"ಇರ್ಲಿ ಬಿಡ್ರಿ ಸರ. ನಾಕು ಇದ್ದಾವಂದ್ರ ಒಂದನ್ನರ ನನ್ನ ಮುಂದ ಹೇಳಬೇಕಿತ್ರಿ."

ಮೀಸೆ ಮೂಡುವ ಮೊದಲಿನಿಂದ ಕಾಕಾ ಎಂದವನು ಸರ ಎಂದ, ಮಾನ್ಯರೇ. ನೀವು ಹೊರಡಿಸುವ ಯಾವ ನೋಟೀಸಿನಲ್ಲೂ ಇಷ್ಟು ಕಠಿಣವಾದ ಶಬ್ದವನ್ನು ನಾನು ಕಂಡಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಬೆಕ್ಕು ಇರಲಿ, ಮರಿಗಳು ಇರಲಿ, ಶಾವಿಗೆ ಹಾಳಾಗಿ ಹೋಗಲಿ. ಅದೇ ಸಿಬ್ಬಂದಿ ಅದೇ ಗ್ಯಾರೇಜಿಗೆ, ಗಿರಾಕಿಗಳು ತುಂಬಿದ ಹೊತ್ತಿನಲ್ಲಿ ಬಂದು, ನಾಲ್ಕೂ ಬೆಕ್ಕಿನ ಮರಿಗಳೇ, ಮಕಬೂಲಸಾಬನ ಮೇಲೆ ಒಂದೂ ದೂರಿಲ್ಲ, ಅರ್ಜಿದಾರನಿಗೆ ಇಂಗ್ಲಿಷು ಬರುವುದಿಲ್ಲ ಎಂದು ಗಟ್ಟಿಯಾಗಿ ಸಾರಬೇಕು. ಕೊನೆಯ ಮಾತನ್ನು ಬೇಕಾದರೆ ಎರಡು ಸಲ ಹೇಳಲಿ, ಆಕ್ಷೇಪಣೆ ಇಲ್ಲ.

ಇನ್ನೂ ಬರೆಯುವುದಿತ್ತು, ಮಲ್ಲಿಗೆಯ ಬುಡದ ಬಗ್ಗೆ ಒಂದು ಪುಟವಾದರೂ. ಆದರೆ ಬೆಳಕು ಇಳಿದುಬಿಟ್ಟಿದೆ, ಗೆರೆ ಕಾಣಿಸುತ್ತಿಲ್ಲ. ಅತ್ತ ಶಟರ್ ಎಳೆದ ಸದ್ದಾಯಿತು. ಅವನು ಕೈ ತೊಳೆದು ಒಳಗೆ ಹೋಗಿ ಕದ ಹಾಕಿಕೊಳ್ಳುವ ಮೊದಲು ನಾನು ಗೋಡೆಯ ಹತ್ತಿರ ಹೋಗಬೇಕು. ನಿಮ್ಮವರು ಬರುವುದು ಯಾವ ಕಾಲಕ್ಕೋ. ಅಲ್ಲಿಯವರೆಗೆ ವಿವರಣೆ ಗಿವರಣೆ ಬೇಡ, "ಚಹಾ ಆರಾಕತ್ತೈತಿ, ಬಾರಪಾ" ಎಂದಷ್ಟೇ ಕೂಗಿ ನೋಡುತ್ತೇನೆ.

ಇಂತಿ,
ಕಲಿತದ್ದನ್ನು ತೋರಿಸಲು ಹೋಗಿ ಕೆಟ್ಟ
ನೀಲಕಂಠಪ್ಪ
ಗೋಪನಕೊಪ್ಪ, ಹುಬ್ಬಳ್ಳಿ