ಚೌಕದಲ್ಲಿ ಹಾಡು ನಿಂತ ಬೇಸಿಗೆ

ಔಷಧಿ ಅಂಗಡಿಯ ಮಹಡಿ ಮನೆ
ಫೆಬ್ರವರಿ ೧೧, ಬುಧವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ಕಳೆದ ಸಲ ಫೋನಿನಲ್ಲಿ ಕೇಳಿದಾಗ "ಪರವಾಗಿಲ್ಲ ಕಣೋ" ಅಂದೆ. ನಿನ್ನ ಪರವಾಗಿಲ್ಲದಲ್ಲಿ ನಾಲ್ಕು ಬಗೆಯಿದೆ, ಮೂರನೆಯದು ನೋವಿದೆ ಆದರೆ ಕೇಳಬೇಡ ಅನ್ನುವುದು. ಅಂದಿನದು ಆ ಬಗೆಯದು ಅಂತ ನನ್ನ ಊಹೆ. ಭಾವ ಕಣ್ಣಿನ ಆಪರೇಷನ್ ಮಾಡಿಸಿಕೊಂಡ ಮೇಲೆ ಮನೆಯ ಧೂಳೆಲ್ಲ ಕಾಣಿಸಲು ಶುರುವಾಗಿದೆಯಂತೆ, ಪಾಪ ನೀನು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನನಗೆ ಸ್ವಲ್ಪ ರಕ್ತದೊತ್ತಡ. ಡಾಕ್ಟರು ಉಪ್ಪು ಬಿಡಿ ಅಂದರು. ಪುರಸಭೆಯ ಪ್ರಕಟಣೆ ಓದುವುದನ್ನು ಬಿಡಿ ಅಂತ ಹೇಳಬೇಕಾಗಿತ್ತು ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.

ಆ ಪ್ರಕಟಣೆಯ ವಿಷಯಕ್ಕೇ ಬರುತ್ತೇನೆ. ಫೋನಿನಲ್ಲಿ ಹೇಳಿಬಿಡಬಹುದಿತ್ತು, ಆದರೆ ಹೇಳಬೇಕಾದದ್ದು ಉದ್ದವಿದೆ, ನೀನು ನಡುವೆ "ಹೂಂ" ಅಂದು ಇಟ್ಟುಬಿಟ್ಟರೆ ನನಗೆ ಮತ್ತೆ ಮಾಡುವ ಧೈರ್ಯ ಬರುವುದಿಲ್ಲ. ಹತ್ತು ದಿನದ ಹಿಂದೆ ಅಂಚೆ ಕಚೇರಿಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಚೌಕದಲ್ಲಿ ಬೇಸಿಗೆಯ ಶನಿವಾರಗಳಂದು ನಡೆಯುವ ಸಂಗೀತದಿಂದ ವಾಹನ ನಿಲುಗಡೆಗೆ ತೊಂದರೆಯಾಗುತ್ತಿದೆಯಂತೆ, ಆದ್ದರಿಂದ ಈ ವರ್ಷದಿಂದ ಅನುಮತಿ ಇಲ್ಲವಂತೆ, ಆಕ್ಷೇಪಣೆ ಇದ್ದವರು ಮಂಗಳವಾರ ಹನ್ನೊಂದು ಗಂಟೆಗೆ ಬಂದು ಹೇಳಿಕೊಳ್ಳಬಹುದಂತೆ. ಎಂಟು ಸಾಲಿನ ಪ್ರಕಟಣೆಯಲ್ಲಿ ಹನ್ನೊಂದು ತಪ್ಪು. ಮೂವತ್ತೈದು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವನ ಕೈ ಸುಮ್ಮನಿರುತ್ತದೆಯೇ? ಕೆಂಪು ಪೆನ್ನಿನಿಂದ ಗೋಡೆಯ ಮೇಲೆಯೇ ತಿದ್ದಿದೆ. ಕೆಳಗಿನ ಔಷಧಿ ಅಂಗಡಿಯವರು ಹೊರಗೆ ಬಂದು, "ಸಾರ್, ಇನ್ನು ಮಾರ್ಕ್ಸ್ ಹಾಕೋದಷ್ಟೇ ಬಾಕಿ" ಅಂದರು. ಹಾಕಿದೆ, ನೂರಕ್ಕೆ ನಾಲ್ಕು.

ನೀನೇ ಹೇಳು, ಆ ಚೌಕ ಕಾರು ನಿಲ್ಲಿಸಲು ಹುಟ್ಟಿದ್ದೇ? ಐದೂವರೆಗೆ ಬಿಸಿಲು ಗಡಿಯಾರದ ಗೋಪುರದಿಂದ ಇಳಿದು ಬೇಕರಿಯ ಮುಂದಿನ ಹಾಸುಗಲ್ಲಿಗೆ ಬರುವ ಹೊತ್ತಿಗೆ ಜನ ಮನೆಗಳಿಂದ ಕುರ್ಚಿ ಹೊತ್ತುಕೊಂಡು ಹೊರಡುತ್ತಿದ್ದರು. ಟಿಕೆಟ್ಟಿಲ್ಲ, ಬೇಲಿಯಿಲ್ಲ, ಮುಂದಿನ ಸಾಲು ದೊಡ್ಡವರದ್ದು ಅಂತಿಲ್ಲ. ಕ್ಷೌರದಂಗಡಿಯವನು ತನ್ನ ತಿರುಗುವ ಕುರ್ಚಿಯನ್ನೇ ಹೊರಗೆಳೆದು ಕೂತು, ಹಾಡು ಬೇಸರವಾದರೆ ಬೆನ್ನು ತಿರುಗಿಸುತ್ತಿದ್ದ. ಊರಿನಲ್ಲಿ ಅದಕ್ಕಿಂತ ದೊಡ್ಡ ವಿಮರ್ಶೆ ಇರಲಿಲ್ಲ. ಡ್ರಮ್ಮು ಬಾರಿಸುತ್ತಿದ್ದ ಪೋಸ್ಟ್‌ಮ್ಯಾನನ್ನು ಎಲ್ಲರೂ ಗುಡುಗು ಅಂತಲೇ ಕರೆಯುತ್ತಿದ್ದರು. ಅವನು ಬೆಳಿಗ್ಗೆ ಬಾಗಿಲು ತಟ್ಟಿದರೂ ತಾಳದಲ್ಲಿ ತಟ್ಟುತ್ತಿದ್ದ. ಆರೂಕಾಲರ ಬಸ್ಸು ನೆನಪಿದೆಯೇ? ಮೇಲಿನ ಏರಿನಲ್ಲೇ ಡ್ರೈವರ್ ಇಂಜಿನ್ ಆರಿಸಿ, ಇಳಿಜಾರಿನಲ್ಲಿ ಸದ್ದಿಲ್ಲದೆ ಬಸ್ಸನ್ನು ಜಾರಿಸಿಕೊಂಡು ಬರುತ್ತಿದ್ದ. ಹಾಡು ಮುಗಿದ ಮೇಲೆ ಹೊರಡೋಣ ಅಂತ ಒಮ್ಮೆ ಪ್ರಯಾಣಿಕರೆಲ್ಲ ಹಟ ಹಿಡಿದಾಗ ಅವನು ಮೆಟ್ಟಿಲ ಮೇಲೆ ಕೂತು, "ಒಂದೇ ಹಾಡು, ಆಮೇಲೆ ಯಾರ ಮಾತೂ ಕೇಳಲ್ಲ" ಅಂದು ಮೂರು ಹಾಡು ಕೇಳಿದ್ದ.

ಇವೆಲ್ಲದರ ನಡುವೆ ನೀನು. ಶಾಲೆಯಲ್ಲಿ ಮಕ್ಕಳಿಗೆ ಭಾಗಾಕಾರ ಕಲಿಸಿ, ಬೆರಳಿನಲ್ಲಿ ಸೀಮೆಸುಣ್ಣದ ಪುಡಿ ಹಾಗೇ ಇಟ್ಟುಕೊಂಡು ಅಂಚೆ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೆ. ದರ್ಜಿ ಮಾಮ ಕ್ಲಾರಿನೆಟ್ ಎತ್ತಿ ನಿನ್ನ ಕಡೆಗೊಮ್ಮೆ ನೋಡುತ್ತಿದ್ದರು, ನೀನು ತಲೆ ಅಲ್ಲಾಡಿಸಿದರೆ ಶುರು. ನಿನ್ನದು ದೊಡ್ಡ ಸ್ವರವಲ್ಲ. ಆದರೆ ಮೈಕು ಕೈಕೊಟ್ಟ ದಿನ ಹಿಂದಿನ ಸಾಲಿನವರು ಉಸಿರು ಬಿಗಿಹಿಡಿದು ಕೇಳಿದ್ದು ನನಗೆ ಗೊತ್ತು, ನಾನು ಅಲ್ಲೇ ನಿಂತಿದ್ದೆ. ಬುಧವಾರ ಸಂಜೆ ಅವರ ಅಂಗಡಿಯಲ್ಲಿ ತಾಲೀಮು. ಹೊಲಿಗೆ ಯಂತ್ರಗಳನ್ನು ಗೋಡೆಗೆ ಒತ್ತರಿಸಿ, ಅರ್ಧ ಹೊಲಿದ ಕೋಟುಗಳ ನಡುವೆ ನೀವು ಏಳು ಜನ. ನಿನ್ನನ್ನು ಕರೆದುಕೊಂಡು ಬರುವ ನೆಪದಲ್ಲಿ ನಾನೂ ಬಂದು ಬಾಗಿಲಲ್ಲಿ ಪುಸ್ತಕ ಓದುತ್ತಿದ್ದೆ. ಒಂದೇ ಪುಟ ಒಂದು ಗಂಟೆ.

ಅಮ್ಮ ಈ ಮಹಡಿಯ ಮುಂದಿನ ಕೋಣೆಯಿಂದ ಕೇಳುತ್ತಿದ್ದಳು. ಮೊದಮೊದಲು ಕಿಟಕಿಯಲ್ಲಿ ನಿಂತು, ಆಮೇಲೆ ಕೂತು, ಕೊನೆಯ ವರ್ಷ ಮಲಗಿಕೊಂಡು. ಆ ವರ್ಷದ ಮಾತು ನಾವಿಬ್ಬರೂ ಆಡುವುದಿಲ್ಲ, ಇವತ್ತು ಆಡದೆ ವಿಧಿಯಿಲ್ಲ. ರೋಗಿಗೆ ಸಂಪೂರ್ಣ ವಿಶ್ರಾಂತಿ ಬೇಕು ಅಂತ ಡಾಕ್ಟರು ಅಂದರು. ನಾನು ಲೈಬ್ರರಿಯಿಂದ ಶಬ್ದ ಮತ್ತು ಆರೋಗ್ಯದ ಕುರಿತ ಪುಸ್ತಕಗಳನ್ನು ತಂದು ಓದಿದೆ. ಓದಿದವನಿಗೆ ತೋಚುವುದು ಬರೆಯುವುದೇ ತಾನೆ? ಪುರಸಭೆಗೆ ದೂರು ಬರೆದೆ. ಇಂಥ ಅಂಕಿ, ಇಂಥ ಅಧಿನಿಯಮ, ವೃದ್ಧ ರೋಗಿಯ ನೆಮ್ಮದಿಗೆ ಭಂಗ, ಎಲ್ಲ ಸೇರಿಸಿ ನಾಲ್ಕು ಪುಟ, ಒಂದು ತಪ್ಪಿಲ್ಲದೆ. ಕೊಟ್ಟ ಐದನೆಯ ದಿನಕ್ಕೆ ಸಂಗೀತ ನಿಲ್ಲಿಸಿದರು. ನನ್ನ ಜನ್ಮದಲ್ಲಿ ಆ ಕಚೇರಿ ಅಷ್ಟು ಬೇಗ ಕೆಲಸ ಮಾಡಿದ್ದು ಅದೊಂದೇ ಸಲ.

ನೀನು ಅಡುಗೆಮನೆಯಲ್ಲಿ ಪಾತ್ರೆ ಕೆಳಗಿಟ್ಟು, "ಅಮ್ಮನಿಗೆ ಬೇಕಾಗಿರೋದು ಮೌನ ಅಂತ ನಿನಗೆ ಯಾರೋ ಹೇಳಿದ್ದು? ಅವಳನ್ನ ಕೇಳಿದ್ಯಾ?" ಅಂದೆ. ಕೇಳಿರಲಿಲ್ಲ ಅಕ್ಕಾ. ಆಮೇಲೆ ಆರು ಶನಿವಾರ ಅವಳೇ ನನ್ನನ್ನು ಕೇಳಿದಳು. "ಇವತ್ತು ಶನಿವಾರ ಅಲ್ವೇನೋ? ಯಾಕೋ ಇನ್ನೂ ಶುರು ಮಾಡಿಲ್ಲ?" ಮೋಡವಿದೆ ಅಂದೆ. ಗುಡುಗಿಗೆ ಜ್ವರ ಅಂದೆ. ಕ್ಲಾರಿನೆಟ್ ರಿಪೇರಿಗೆ ಹೋಗಿದೆ ಅಂದೆ. ಏಳನೆಯ ಶನಿವಾರ ಅವಳು ಏನೂ ಕೇಳದೆ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಎಂಟನೆಯದು ಅವಳಿಗೆ ಸಿಗಲಿಲ್ಲ. ಇದಕ್ಕೆ ನೀನು ನನ್ನನ್ನು ಕ್ಷಮಿಸಿದ್ದೀಯ ಅಂತ ಗೊತ್ತು. ಒಮ್ಮೆ ಬಾಯಿಬಿಟ್ಟು ಹಾಗೆ ಹೇಳಿದ್ದೀಯ, ನಿನ್ನಂಥವಳು ಹೇಳುವುದು ಒಮ್ಮೆಯೇ.

ಮರುವರ್ಷ ಪುರಸಭೆಯ ಆಗಿನ ಅಧ್ಯಕ್ಷರು ಬಾಯಿಮಾತಿನಲ್ಲೇ ಮತ್ತೆ ನಡೆಸಿ ಅಂದರು, ಸಂಗೀತ ಮರಳಿತು, ನೀನು ಮಾತ್ರ ಮೆಟ್ಟಿಲು ಹತ್ತಲಿಲ್ಲ. "ಈ ಸಲ ಬರೀ ವಾದ್ಯ ಅಂತ ಅಂದ್ಕೊಂಡಿದ್ದೀವಮ್ಮಾ" ಅಂತ ದರ್ಜಿ ಮಾಮ ಹೇಳಿ ಕಳಿಸಿದರು. ಎರಡು ಬುಧವಾರ ನೀನು ಸೀರೆ ಉಟ್ಟು ಸಿದ್ಧಳಾಗಿ ಕಾದು, ಮೂರನೆಯ ಬುಧವಾರ ಮಕ್ಕಳ ಪರೀಕ್ಷೆಯ ಉತ್ತರಪತ್ರಿಕೆ ಹರಡಿಕೊಂಡು ಕೂತೆ. ತಲೆಯೆತ್ತದೆ, "ಅಮ್ಮ ಹೋದ ಮೇಲೆ ನನ್ನ ಸ್ವರ ಒಡೀತು ಅನ್ಸುತ್ತೆ ಕಣೋ, ಅವರು ಬಾಯಿಬಿಟ್ಟು ಹೇಳ್ತಿಲ್ಲ ಅಷ್ಟೆ" ಅಂದೆ. ಆ ಬೇಸಿಗೆ ಮುಗಿಯುವ ಮೊದಲೇ ವರ್ಗ ಕೇಳಿಕೊಂಡು ಇನ್ನೂರು ಮೈಲಿ ದೂರದ ಶಾಲೆಗೆ ಹೋದೆ. ಭಾವ ಸಿಕ್ಕಿದ್ದು ಅಲ್ಲಿ, ಅದೊಂದು ಒಳ್ಳೆಯದಾಯಿತು. ಆದರೆ ನೀನು ಹಾಡಿದ್ದನ್ನು ಕೇಳಿಯೇ ಇಲ್ಲ ಅಂತ ಅವರು ಒಮ್ಮೆ ನನ್ನೆದುರು ಹೇಳಿದಾಗ ನಾನು ಎದ್ದು ಕೈತೊಳೆಯಲು ಹೋದೆ, ಊಟ ಮುಗಿದಿರಲಿಲ್ಲ.

ಈಗ ನಿನ್ನೆಯ ಕಥೆ. ಹನ್ನೊಂದು ಗಂಟೆಗೆ ಹದಿನೇಳು ಪುಟದ ಆಕ್ಷೇಪಣೆ ಹಿಡಿದುಕೊಂಡು ಹೋದೆ. ಚೌಕದ ಇತಿಹಾಸ, ಪತ್ರಿಕೆಯ ಹಳೆಯ ವರದಿಗಳು, ಇನ್ನೂರ ಆರು ಜನರ ಸಹಿ. ದರ್ಜಿ ಮಾಮ ಕೋಲೂರಿಕೊಂಡು ಬಂದಿದ್ದರು. ವಯಸ್ಸು ಎಂಬತ್ತೊಂದು, ಕ್ಲಾರಿನೆಟ್ ಈಗ ಮೊಮ್ಮಗಳ ಕೈಯಲ್ಲಿದೆ. ಹೊಸ ಅಧಿಕಾರಿಗೆ ನನ್ನ ಮಗನ ವಯಸ್ಸು. ನಾನು ನಿಂತು ಅರ್ಧ ಗಂಟೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ ಅಂತ ಕಾಣುತ್ತದೆ, ಹಿಂದಿನ ಬೆಂಚಿನವರು ಎರಡು ಸಲ ಚಪ್ಪಾಳೆ ತಟ್ಟಿದರು. ನಾಗರಿಕರ ನೆಮ್ಮದಿಯನ್ನು ಕಾರುಗಳಿಗೆ ಒಪ್ಪಿಸುವ ಈ ಬುದ್ಧಿ ಯಾರದ್ದು ಅಂತ ಗುಡುಗಿದೆ. ಆ ಅಧಿಕಾರಿ ಮೆಲ್ಲಗೆ ಒಂದು ಹಳೆಯ ಫೈಲಿನ ದಾರ ಬಿಚ್ಚಿ, "ಸಾರ್, ಪಾರ್ಕಿಂಗ್ ವಿಷಯ ಬಿಡಿ, ಅದಕ್ಕೆ ದಾರಿ ಹುಡುಕಬಹುದು. ಆದ್ರೆ ಈ ಜಾಗದ ಮೇಲೆ ಶಬ್ದದ ದೂರೊಂದು ಬಾಕಿ ಇದೆ. ಅದನ್ನ ಮುಚ್ಚದೆ ನಾನು ಅನುಮತಿಗೆ ಸಹಿ ಹಾಕೋಕಾಗಲ್ಲ" ಅಂದ. ಯಾವ ಅವಿವೇಕಿ ಕೊಟ್ಟದ್ದು ಅಂತ ಕೇಳಿದೆ. ಅವನು ಹಾಳೆಯನ್ನು ನನ್ನ ಕಡೆ ತಿರುಗಿಸಿದ. ನನ್ನ ಕೈಬರಹ. ಇಪ್ಪತ್ತೆಂಟು ವರ್ಷ! ನೀರಿನ ಪೈಪಿನ ಅರ್ಜಿ ಒಂದು ತಿಂಗಳೂ ಉಳಿಯದ ಕಚೇರಿಯಲ್ಲಿ ಇದೊಂದನ್ನು ಗೆದ್ದಲೂ ಮುಟ್ಟಿಲ್ಲ.

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಗಲಿ. ನಿಂತ ನಿಲುವಿನಲ್ಲೇ ದೂರು ವಾಪಸು ತೆಗೆದುಕೊಳ್ಳುತ್ತೇನೆ ಅಂತ ಬರೆದುಕೊಟ್ಟೆ. ಅದು ಸಾಲದು ಅಂದ. ಯಾಕೆ ಸಾಲದು ಅನ್ನುವುದನ್ನು ಈ ಕಾಗದದ ಕೊನೆಯಲ್ಲಿ ಬರೆಯುತ್ತೇನೆ. ಸದ್ಯಕ್ಕೆ ಇಷ್ಟು ತಿಳಿ: ಇಪ್ಪತ್ತೇಳನೆಯ ತಾರೀಖಿನೊಳಗೆ ಆ ದೂರು ಮುಚ್ಚದಿದ್ದರೆ ಮಾರ್ಚ್ ಮೊದಲ ಶನಿವಾರ ಚೌಕದಲ್ಲಿ ಕಾರುಗಳು ನಿಲ್ಲುತ್ತವೆ, ಒಮ್ಮೆ ಬಿಳಿ ಗೆರೆ ಎಳೆದರೆ ಅದನ್ನು ಅಳಿಸುವವರು ಈ ಊರಿನಲ್ಲಿ ಹುಟ್ಟಿಲ್ಲ. ನಾನು ಒಮ್ಮೆ ನಿಲ್ಲಿಸಿದ್ದು ಒಂದು ಬೇಸಿಗೆಗೆ. ಎರಡನೆಯ ಸಲ ಅದೇ ಕಾಗದದಿಂದ ಶಾಶ್ವತವಾಗಿ ನಿಂತರೆ ಈ ಕಿಟಕಿಯ ಹಿಂದೆ ನಾನು ಹೇಗೆ ಬದುಕಲಿ?

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಕಣ್ಣಿಗೆ ಹನಿ ಹಾಕುವುದನ್ನು ಮರೆಯಬಾರದಂತೆ. ನಮ್ಮ ಮನೆಯವಳು ನಿನಗೆ ಮೊಣಕಾಲಿನ ಪಟ್ಟಿಯೊಂದನ್ನು ಹೆಣೆಯುತ್ತಿದ್ದಾಳೆ, ಬಣ್ಣ ನೋಡಿ ನಗಬೇಡ. ನೀವಿಬ್ಬರೂ ಆರೋಗ್ಯವಾಗಿರಿ ಅನ್ನುವುದೇ ಇಲ್ಲಿಂದ ನಾವು ಕೋರುವುದು.

ನಿನ್ನ ತಮ್ಮ

ಮತ್ತೊಂದು ಮಾತು, ಇದನ್ನು ಬರೆಯಲಿಕ್ಕೇ ಕೂತದ್ದು: ಆಗಿನ ನಿಯಮದ ಪ್ರಕಾರ ದೂರಿಗೆ ಇಬ್ಬರು ನಿವಾಸಿಗಳ ಸಹಿ ಬೇಕಾಗಿತ್ತು. ನಿನ್ನನ್ನು ಕೇಳಿದರೆ ನೀನು ಹಾಕುತ್ತಿರಲಿಲ್ಲ. ನಿನ್ನ ಲೈಬ್ರರಿ ಕಾರ್ಡಿನ ಸಹಿ ನೋಡಿಕೊಂಡು ನಿನ್ನದನ್ನೂ ನಾನೇ ಹಾಕಿದೆ. ಕಾಗದದಲ್ಲಿ ನನ್ನ ಹೆಸರಿನ ಕೆಳಗೆ ನಿನ್ನ ಹೆಸರಿದೆ ಅಕ್ಕಾ. ನಿನ್ನೆ ಎಲ್ಲರೂ ಹೋದ ಮೇಲೆ ಅಧಿಕಾರಿಗೆ ಇದನ್ನು ಹೇಳಿದೆ. ಅವನು ಪೆನ್ನು ಕೆಳಗಿಟ್ಟು, "ಸಾರ್, ಇದನ್ನ ನಾನು ಕೇಳಿಸ್ಕೊಂಡಿಲ್ಲ. ಅಕ್ಕನವರಿಂದ ದೂರು ವಾಪಸ್ಸು ಅಂತ ಒಂದು ಕಾಗದ ತರಿಸಿ, ಸಾಕು" ಅಂದ. ಬಾಗಿಲ ಹತ್ತಿರ ದರ್ಜಿ ಮಾಮ ಇನ್ನೂ ನಿಂತಿದ್ದರು, ಅವರು ಕೇಳಿಸಿಕೊಂಡರು. ಆ ವರ್ಷವೇ ಪುರಸಭೆಯವರು ಅವರಿಗೆ ದೂರು ತೋರಿಸಿದ್ದರಂತೆ. "ನಮ್ಮ ಜೊತೆ ನಿಂತು ಹಾಡ್ದೋಳು ನಮ್ಮ ಮೇಲೆ ಸಹಿ ಹಾಕಿದ್ಲಲ್ಲ ಅಂತ ಎಲ್ರಿಗೂ ನೋವಾಯ್ತು. ಅದಕ್ಕೇ ಕರೀಲಿಲ್ಲ. ಸ್ವರಕ್ಕೇನಾಗಿತ್ತು? ಅಂಥದ್ದು ಮತ್ತೆ ನಮಗೆ ಸಿಗಲೇ ಇಲ್ಲ" ಅಂದರು. ಆಮೇಲೆ ನನ್ನ ಮುಖ ನೋಡದೆ ಮೆಟ್ಟಿಲಿಳಿದರು. ಆ ಸಹಿ ನಿನ್ನದಲ್ಲ ಅಂತ ಅವರಿಗೆ ಗೊತ್ತಾಗಿದ್ದು ನಿನ್ನೆ, ನಿನ್ನನ್ನು ಕರೆಯದಿದ್ದದ್ದು ಆ ಸಹಿಯಿಂದಲೇ ಅಂತ ನನಗೆ ನೀನು ಉತ್ತರಪತ್ರಿಕೆ ಹರಡಿಕೊಂಡು ಕೂತ ಆ ಬುಧವಾರದಿಂದಲೇ ಅನುಮಾನವಿತ್ತು, ಬಾಯಿ ಬಿಡಲಿಲ್ಲ. ಕಾಗದ ಕಳಿಸುವುದು ಬಿಡುವುದು ನಿನಗೆ ಬಿಟ್ಟದ್ದು, ಕಳಿಸು ಅನ್ನುವ ಬಾಯಿ ನನಗಿಲ್ಲ. ಆದರೆ ನಿನ್ನ ಸ್ವರ ಒಡೆದಿರಲಿಲ್ಲ. ಯಾವತ್ತೂ ಒಡೆದಿರಲಿಲ್ಲ ಅಕ್ಕಾ.