ರೊಟ್ಟಿಗೆ ತಗಲದ ಕೈ

ಡೋರ್ಚೋಲ್, ಬೆಲ್‌ಗ್ರೇಡ್
8 ಡಿಸೆಂಬರ್ 2003, ಸೋಮವಾರ

ಪ್ರೀತಿಯ ತಮ್ಮ ಮಿಲಿಸಾವನಿಗೆ,

ನಮ್ಮ ಮನೆತನವನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಸಂತ ನಿಕೋಲರ ಕೃಪೆ ನಿನ್ನ ಮೇಲೂ ಮಗ ವುಕಾಶಿನನ ಸಂಸಾರದ ಮೇಲೂ ಇರಲಿ. ನಿನ್ನ ಎಡ ಮೊಣಕಾಲು ಈ ಚಳಿಗೆ ಹೇಗಿದೆ? ನದಿಯ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಮೊದಲು ನೆನಪಾಗುವುದು ನಿನ್ನ ಆ ಕಾಲು. ರಾಕಿಯಾ ಸಾರಾಯಿ ಹಚ್ಚಿ ಉಣ್ಣೆಬಟ್ಟೆ ಸುತ್ತುವ ಅಮ್ಮನ ಚಿಕಿತ್ಸೆಯನ್ನು ಬಿಡಬೇಡ. ರಾಕಿಯಾವನ್ನು ಮೊಣಕಾಲಿಗೆ ಕುಡಿಸಬೇಕು, ಬಾಯಿಗಲ್ಲ ಎಂದು ಅವಳು ನಿನಗೇ ಒತ್ತಿ ಹೇಳುತ್ತಿದ್ದುದನ್ನೂ ಮರೆಯಬೇಡ. ನನ್ನ ಕಣ್ಣಿನ ಪೊರೆ ತೆಗೆಸಿದ ಮೇಲೆ ಚರ್ಚಿನಲ್ಲಿ ವಾಚನಕ್ಕೆ ನಿಂತರೆ ಅಕ್ಷರಗಳು ಮತ್ತೆ ವಿಧೇಯವಾಗಿ ಸಾಲುಗಟ್ಟುತ್ತವೆ. ನಿನ್ನ ಅತ್ತಿಗೆ ಲೆಪೊಸಾವಾ ಆರೋಗ್ಯವಾಗಿದ್ದಾಳೆ, ಆದರೆ ನನ್ನೊಡನೆ ಮಾತು ಕಡಿಮೆ. ಆಡುವ ನಾಲ್ಕು ಮಾತಿನಲ್ಲಿ ಎರಡು ನಿನ್ನ ಕುರಿತಾದವು.

ನೀನು ಕಳಿಸಿದ ಗಂಟು ಕಳೆದ ಬುಧವಾರ ತಲುಪಿತು. ನಮ್ಮೂರ ಕಡೆಯ ಶಾಬಾಟ್ಸ್‌ನಿಂದ ಬರುವ ಬಸ್ಸಿನ ಚಾಲಕ ಅದನ್ನು ನನ್ನ ಕೈಗಿತ್ತು, ಮೇಲಿನ ಚೀಟಿಯನ್ನು ಓದಿ ನಕ್ಕ. “ಏನ್ ತಾತ, ಕೆನೆಯವ ಅಂತ ಬರ್ದವ್ನೆ, ಮುಟ್ಟಿ ನೋಡಿದ್ರೆ ಒಳಗೆ ಗೋಧಿ!” ನಿನ್ನ ದುಂಡು ಅಕ್ಷರದಲ್ಲಿ ಎರಡೇ ಸಾಲು: ‘ಯಜಮಾನರಿಗೆ. ಕಳಿಸಿದವನು, ನಿಮ್ಮ ಕೆನೆಯವ.’ ಒಳಗಿದ್ದುದು ಅಪ್ಪನ ಹೊಲದ ಗೋಧಿ. ಒಂದೊಂದು ಕಾಳನ್ನೂ ನೀನು ಆರಿಸಿ, ತೊಳೆದು, ಒಣಗಿಸಿದ್ದೆ. ನನ್ನ ಮನೆಯ ಸ್ಲಾವಾಕ್ಕೆ, ನಮ್ಮ ಮನೆತನದ ಸಂತನ ಹಬ್ಬದ ಪ್ರಸಾದಕ್ಕೆಂದು ಪ್ರತಿವರ್ಷ ಕಳಿಸುವಂತೆಯೇ ಈ ವರ್ಷವೂ ಕಳಿಸಿರುವೆ. ಚೀಟಿಯಲ್ಲಿ ನನ್ನನ್ನು ಹೊಡೆದೆ, ಚೀಲದಲ್ಲಿ ನನ್ನನ್ನು ಅಣ್ಣನೆಂದೇ ಉಳಿಸಿಕೊಂಡೆ. ಹೊಡೆತವೊಂದೇ ಆಗಿದ್ದರೆ ತಾಳಿಕೊಳ್ಳುತ್ತಿದ್ದೆ. ಐದು ದಿನಗಳಿಂದ ಆ ಚೀಲ ಮೇಜಿನ ಮೇಲೆ ಹಾಗೆಯೇ ಇದೆ. ನೆನೆಹಾಕಲು ಲೆಪೊಸಾವಾ ಒಪ್ಪುತ್ತಿಲ್ಲ. “ಮೊದಲು ಆ ಮನುಷ್ಯನಿಗೆ ಕಾಗದ ಬರೀರಿ, ಆಮೇಲೆ ಗೋಧಿ ಬೇಯಿಸ್ತೀನಿ” ಎಂದಳು.

ಹೋದ ವರ್ಷ ನೀನು ನನ್ನ ಮನೆಗೆ ಬಂದ ದಿನವನ್ನು ನಿನಗೆ ನೆನಪಿಸುವ ಅಗತ್ಯವಿಲ್ಲವೆಂದು ಬಲ್ಲೆ. ಆದರೆ ಮಾಡಿದವನೇ ಬಾಯಿಬಿಟ್ಟು ಹೇಳದ ತಪ್ಪು ಕ್ಷಮೆಯನ್ನು ಕೇಳಲಾರದು. ಆದುದರಿಂದ ಹೇಳುತ್ತೇನೆ, ಸಹಿಸಿಕೋ. ನಲವತ್ತು ವರ್ಷ ಅಪ್ಪನ ಮನೆಯ ಹಬ್ಬದ ಮೇಣದ ಬತ್ತಿಯನ್ನು ನೀನು ಹಚ್ಚಿದೆ. ಬತ್ತಿ ಉರಿಯುವ ದಿನ ಮನೆಯ ಯಜಮಾನ ಹೊಸ್ತಿಲು ದಾಟುವಂತಿಲ್ಲವಾದ್ದರಿಂದ ನಲವತ್ತು ವರ್ಷವೂ ಅದೇ ದಿನದ ನನ್ನ ಮನೆಯ ಹಬ್ಬಕ್ಕೆ ನೀನು ಬಂದಿರಲಿಲ್ಲ. ಹೋದ ವರ್ಷ ಬತ್ತಿಯನ್ನು ವುಕಾಶಿನನಿಗೆ ಒಪ್ಪಿಸಿದೆ. ಬಿಡುವಾದ ಮೊದಲ ಹಬ್ಬದಂದೇ, ಎಪ್ಪತ್ತು ತುಂಬಿದ ಮೇಲೆ ಮೊದಲ ಬಾರಿಗೆ, ರಾಜಧಾನಿ ನೋಡಲು ಹೊರಟುಬಂದೆ. ಸ್ಲಾವಾಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ, ನೆನಪಿದ್ದವರು ತಾವೇ ಬರುತ್ತಾರೆ. ನೀನೂ ಹಾಗೆಯೇ ಬಂದೆ. ಇನ್ನೊಂದು ಕಾರಣವೂ ಇತ್ತು. ಅದು ನಮ್ಮಿಬ್ಬರಿಗಷ್ಟೇ ಗೊತ್ತು. ನಮ್ಮೂರ ದಂಡೆಯಲ್ಲಿ ಸಾವಾ ನದಿಗೆ ಅಕ್ರೋಟಿನ ಚಿಪ್ಪುಗಳನ್ನು ತೇಲಿಬಿಟ್ಟು, ಅವು ಎಲ್ಲಿಗೆ ಹೋಗುತ್ತವೆ ಎಂದು ನೀನು ಕೇಳಿದಾಗಲೆಲ್ಲ ನಾನು ಹಿರಿತನದ ಗತ್ತಿನಿಂದ ‘ಬೆಲ್‌ಗ್ರೇಡಿಗೆ, ಡ್ಯಾನ್ಯೂಬಿನ ಸಂಗಮಕ್ಕೆ. ಒಂದು ದಿನ ಕೋಟೆಯ ಮೇಲಿಂದ ನಾನೇ ತೋರಿಸುತ್ತೇನೆ’ ಎನ್ನುತ್ತಿದ್ದೆ.

ನೀನು ಬಾಗಿಲಲ್ಲಿ ನಿಂತಾಗ ಒಳಗೆ ಫಾದರ್ ಗವ್ರಿಲೊ ಇದ್ದರು. ಹಳೆಯ ಚರ್ಚ್ ಭಾಷೆಯನ್ನು ಬೋಧಿಸುತ್ತಿದ್ದ ಪ್ರೊಫೆಸರ್ ಟೆಶಿಚ್ ಇದ್ದರು. ನಿನ್ನ ಕುರಿದೊಗಲಿನ ಟೋಪಿ, ಕೆಸರು ಮೆತ್ತಿದ ಬೂಟು, ತೋಳಿನಲ್ಲಿ ಬುಟ್ಟಿ. ಬುಟ್ಟಿಯೊಳಗಿನ ಮಡಕೆಗೆ ಕಟ್ಟಿದ ಬಟ್ಟೆ ಬಸ್ಸಿನ ಕುಲುಕಾಟಕ್ಕೆ ಜಾರಿತ್ತು. ಕಾಯ್ಮಾಕ್ ಕೆನೆಯ ವಾಸನೆ ಧೂಪದ ಹೊಗೆಯನ್ನೂ ಮೀರಿ ಕೋಣೆ ತುಂಬಿತು. ಕ್ರಿಸ್‌ಮಸ್ಸಿಗೆ ಮುಂಚಿನ ಉಪವಾಸ ನಡೆದಿತ್ತು. ಹಾಲಿನ ಹನಿಯೂ ಮನೆಯೊಳಗೆ ಬರಬಾರದ ದಿನಗಳು. ಉಪವಾಸದ ನಿಷ್ಠೆಯ ಬಗ್ಗೆ ಇಡೀ ಸಭೆಗೆ ಬುದ್ಧಿ ಹೇಳುವವನು ನಾನು. ಹಬ್ಬದ ಊಟಕ್ಕಿಟ್ಟ, ಉಪವಾಸದಲ್ಲೂ ಸಲ್ಲುವ ಮೀನಿನ ತಟ್ಟೆಯ ಪಕ್ಕದಿಂದ ಟೆಶಿಚ್ ನಗುತ್ತ ಕೆಣಕಿದರು: “ಏನ್ರೀ ಸ್ವೆಟೋಜಾರ್, ನಮಗೆಲ್ಲ ಬರೀ ಮೀನು, ನಿಮಗೆ ಹಿಂಬಾಗಿಲಲ್ಲಿ ಕೆನೆನಾ?”

ಆ ಮಡಕೆ ಉಪವಾಸ ಮುಗಿದ ಮೇಲೆ, ಕ್ರಿಸ್‌ಮಸ್ ಬೆಳಗಿನ ಮೊದಲ ತುತ್ತಿಗೆಂದು ನೀನು ತಂದದ್ದು. ನನಗೆ ಅದು ತಿಳಿದಿತ್ತು. ಹಾಗೆಂದು ಹೇಳಲು ಒಂದೇ ವಾಕ್ಯ ಸಾಕಿತ್ತು. ನಾನು ಬೇರೊಂದು ವಾಕ್ಯ ಹೇಳಿದೆ. “ನಮ್ಮೂರಿನವನು, ಕೆನೆ ತಂದುಕೊಡೋನು. ಪಾಪ, ದಿನ ಮರೆತು ಬಂದಿದಾನೆ.”

ನೀನು ಆಗ ಪ್ರಸಾದದ ಗೋಧಿಯ ಚಮಚವನ್ನು ಬಾಯಿಯವರೆಗೆ ಎತ್ತಿದ್ದೆ. ನಿನ್ನದೇ ಹೊಲದ ಗೋಧಿ, ತಮ್ಮಾ. ಅದನ್ನು ನಿಧಾನವಾಗಿ ಅಗಿದು ನುಂಗಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಟೆಶಿಚ್ ಅವರಿಗೆ ಟೋಪಿ ತೆಗೆದು ವಂದಿಸಿದೆ. “ಹೂಂ ಸ್ವಾಮಿ, ನಾನು ಬರೀ ಕೆನೆಯವ. ನಮ್ಮಂಥೋರಿಗೆ ಉಪವಾಸ ಎಲ್ಲಿ ಗೊತ್ತಾಗ್ತದೆ? ಹಸು ಹಾಲು ಕರೀತದೆ, ನಾವು ತರ್ತೀವಿ” ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಉಪವಾಸದಲ್ಲಿ ಅಕ್ಕಪಕ್ಕದವರಿಗೂ ಹಾಲು ಮಾರದ ನೀನು ನನ್ನ ಸುಳ್ಳಿಗೆ ನಿನ್ನ ಹೆಗಲು ಕೊಟ್ಟೆ. ಅದು ಸುಳ್ಳಿಗಿಂತ ಹೆಚ್ಚು ನನ್ನನ್ನು ಸುಟ್ಟಿತು.

ಅಲ್ಲಿಗೂ ಮುಗಿಯಲಿಲ್ಲ. ಫಾದರ್ ಹಬ್ಬದ ರೊಟ್ಟಿಯನ್ನು ಶಿಲುಬೆಯಾಕಾರದಲ್ಲಿ ಕೊಯ್ದು, ದ್ರಾಕ್ಷಾರಸ ಎರೆದು, “ಮನೆಯ ಗಂಡಸರು ಬನ್ನಿ, ಕೈ ಹಚ್ಚಿ” ಎಂದು ಕರೆದರು. ಅಪ್ಪ ಬದುಕಿದ್ದಾಗ ಮೂವರೂ ರೊಟ್ಟಿಯ ಅಂಚು ಹಿಡಿದು ತಿರುಗಿಸುತ್ತಿದ್ದೆವು. ನಿನ್ನ ಕೈ ಮೇಜಿಗೆ ನಿಲುಕದಿದ್ದಾಗ ನಾನು ಸೊಂಟ ಹಿಡಿದು ಎತ್ತುತ್ತಿದ್ದೆ. ಆ ಕರೆಗೆ ನಿನ್ನ ಬಲಗಾಲು ತಾನಾಗಿ ಒಂದು ಹೆಜ್ಜೆ ಮುಂದಿಟ್ಟಿತು. ಮರುಕ್ಷಣ ನೀನು ಅದನ್ನು ಹಿಂದಕ್ಕೆ ತೆಗೆದುಕೊಂಡೆ. ನಾನು ನೋಡಿದೆ, ನೋಡಿ ತಲೆ ತಗ್ಗಿಸಿದೆ. ನನಗೆ ಗಂಡುಮಕ್ಕಳಿಲ್ಲವೆಂದು ಕನಿಕರಿಸಿ ಟೆಶಿಚ್ ಎದ್ದು ಬಂದು ರೊಟ್ಟಿಗೆ ಕೈ ಕೊಟ್ಟರು. ನಮ್ಮ ಅಜ್ಜಂದಿರ ಹೆಸರುಗಳನ್ನು ಸ್ಮರಿಸುತ್ತಿದ್ದಾಗ, ಅದೇ ಅಜ್ಜಂದಿರ ಮೊಮ್ಮಗ ಕೋಟು ನೇತುಹಾಕುವ ಗೂಟದ ಬಳಿ ಟೋಪಿ ಹಿಡಿದು ನಿಂತಿದ್ದ.

ಅತಿಥಿಗಳಿರುವಾಗ ಯಜಮಾನ ಕುಳಿತುಕೊಳ್ಳಬಾರದೆಂಬ ಕಟ್ಟಳೆಯ ನೆಪದಲ್ಲಿ ಮೇಜಿನ ಸುತ್ತ ಸುಳಿದಾಡುತ್ತ ನಿನ್ನ ಕಣ್ಣು ತಪ್ಪಿಸಿದೆ. ನೀನು ಒಬ್ಬನೇ ದಾರಿ ಕೇಳಿಕೊಂಡು ಕಲೆಮೆಗ್ದಾನ್ ಕೋಟೆಗೆ ಹೋಗಿಬಂದೆ. ಸಂಜೆ ಬಸ್ಸಿಗೆ ಹೊರಟಾಗ ಮೆಟ್ಟಿಲಲ್ಲಿ ನಾನೊಬ್ಬನೇ ಇದ್ದೆ, ಆಗಲೂ ಕ್ಷಮಿಸೆನ್ನಲಿಲ್ಲ. ಸಂಗಮ ನೋಡಿದೆಯಾ ಎಂದಷ್ಟೇ ಕೇಳಿದೆ. “ನೋಡ್ದೆ ಅಣ್ಣ. ಸ್ವಲ್ಪ ದೂರ ಎರಡೂ ನೀರು ಬೇರೆಬೇರೆನೇ ಕಾಣ್ತವೆ. ಆಮೇಲೆ ಒಂದಾಗ್ತವೆ. ಹೆಸರು ಮಾತ್ರ ದೊಡ್ಡದರದ್ದೇ ಉಳೀತದೆ” ಎಂದು ಹೇಳಿ ಇಳಿದುಹೋದೆ.

ಬೆಂಕಿಗೆ ಕೈಕಾಯಿಸುತ್ತ ಗುರುವನ್ನೇ ಅರಿಯೆನೆಂದ ಶಿಷ್ಯನ ಕಥೆಯನ್ನು ನಾನು ಮೂವತ್ತು ವರ್ಷ ಸಭೆಯ ಮುಂದೆ ಓದಿದ್ದೇನೆ, ಕಂಠ ಗದ್ಗದವಾಗುವಂತೆ. ಅವನಿಗಾದರೂ ಪ್ರಾಣಭಯವಿತ್ತು. ನನಗಿದ್ದುದು ಟೆಶಿಚ್ ಅವರ ಒಂದು ಹಾಸ್ಯದ ಭಯ.

ನಿನ್ನೆ ಪ್ರಾರ್ಥನೆಯ ಬಳಿಕ ಚರ್ಚಿನ ಅಂಗಳದಲ್ಲಿ ಫಾದರ್ ಗವ್ರಿಲೊ ಮತ್ತು ಟೆಶಿಚ್ ಇಬ್ಬರಿಗೂ, ಅಂದು ಗೂಟದ ಬಳಿ ನಿಂತವನು ನನ್ನ ಒಡಹುಟ್ಟಿದವನೆಂದು ಹೇಳಿದೆ. ಟೆಶಿಚ್ ಅಂದು ರೊಟ್ಟಿಗೆ ಕೊಟ್ಟ ತಮ್ಮ ಬಲಗೈಯನ್ನೇ ನೋಡಿಕೊಂಡರು. ಫಾದರ್ ಮಾತ್ರ ಕೇಳಿದರು: “ಇದನ್ನ ನಂಗ್ಯಾಕೆ ಹೇಳ್ತೀರಿ? ಬಸ್ಸು ಶಾಬಾಟ್ಸ್‌ಗೆ ಹೋಗಲ್ವಾ?”

ವುಕಾಶಿನನಿಗೂ ಅವನ ಹೆಂಡತಿಗೂ ನನ್ನ ಆಶೀರ್ವಾದ ತಿಳಿಸು. ನಿನಗೆ ಆಶೀರ್ವಾದ ಬರೆಯುವ ಅಧಿಕಾರ ನನಗುಳಿದಿದೆಯೋ ಇಲ್ಲವೋ ತಿಳಿಯದು. ದೇವರೇ ನೇರವಾಗಿ ನಿನ್ನನ್ನು ಹರಸಲಿ.

ನಿನ್ನನ್ನು ತಮ್ಮನೆಂದು ಕರೆಯಲು ಒಂದು ವರ್ಷ ತಡಮಾಡಿದ,
ಸ್ವೆಟೋಜಾರ್

ಮರೆಯುವ ಮುನ್ನ: ಈ ವರ್ಷ ಇಲ್ಲಿ ಬತ್ತಿ ಹಚ್ಚುವುದಿಲ್ಲ. ಗೋಧಿಯನ್ನು ಹಾಗೆಯೇ ಕಟ್ಟಿಕೊಂಡು ನಾನೂ ಲೆಪೊಸಾವಾಳೂ ಊರಿಗೆ ಬರುತ್ತಿದ್ದೇವೆ. ಹಬ್ಬದ ದಿನ ಶುಕ್ರವಾರ, ಹತ್ತೊಂಬತ್ತು. ಅಂದು ಹೊಸ್ತಿಲಿಗೆ ಬಂದವನು ಹಗೆಯಾದರೂ ಯಜಮಾನ ಹಿಂದಕ್ಕೆ ಕಳಿಸುವಂತಿಲ್ಲ. ಆ ಕಟ್ಟಳೆಯ ಮರೆಯಲ್ಲಿ ನಿನ್ನ ಮನೆಯೊಳಗೆ ನುಸುಳಲು ಮನಸ್ಸೊಪ್ಪದು. ಆದುದರಿಂದ ಒಂದು ದಿನ ಮುಂಚೆ, ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಗುರುವಾರ ನೀನು ಬಾಗಿಲು ಹಾಕಿಕೊಳ್ಳಬಹುದು.