ಅತ್ತೆಯ ಕುರ್ಚಿಗೆ ತಿರುಗಿಸಿದ ಕ್ಯಾಮೆರಾ

ಸಿನಿಮಾ ಮಂದಿರದ ಕ್ಯಾಮೆರಾ ಕೋಣೆ,
ಮಂಗಳವಾರ, ಮ್ಯಾಟಿನಿ ಹೊತ್ತು

ಪ್ರೀತಿಯ ನನ್ನವರೇ,

ಹೇಗಿದ್ದೀರಿ? ಆ ಬಂದರಿನಲ್ಲಿ ಕ್ರೇನಿನ ಗೂಡಿನೊಳಗೆ ದಿನವಿಡೀ ಕೂತು ಕುತ್ತಿಗೆ ನೋವು ಹೆಚ್ಚಾಗಿರಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಾನು ಚೆನ್ನಾಗಿದ್ದೇನೆ. ಕೇಳುವವರಿಲ್ಲದಿದ್ದರೂ ಹೇಳಿಬಿಡುತ್ತೇನೆ.

ಫೋನಿರುವಾಗ ಇವಳಿಗೇಕೆ ಪತ್ರದ ಹುಚ್ಚು ಎನ್ನಬೇಡಿ. ಅತ್ತೆ ಬಿದ್ದ ಮೇಲೆ ನೀವು ಹಾಲ್‌ನಲ್ಲಿ ಹಾಕಿಸಿ ಹೋದ ಕ್ಯಾಮೆರಾಕ್ಕೆ ಕಿವಿಯೂ ಇದೆ, ಬಾಯಿಯೂ ಇದೆ. ಆ ಮನೆಯಲ್ಲಿ ಮನಸ್ಸು ಬಿಚ್ಚಿ ಮಾತಾಡುವ ಹಾಗಿಲ್ಲ, ಇಲ್ಲಿ ಡ್ಯೂಟಿಯಲ್ಲಿ ಫೋನ್ ಮುಟ್ಟುವ ಹಾಗಿಲ್ಲ. ನಿಮಗೆ ಬಿಡುವು ಸಿಕ್ಕಾಗಲೆಲ್ಲ ಗೋಡೆಯಿಂದ "ಅಮ್ಮಾ, ಮಾತ್ರೆ ತಗೊಂಡ್ಯಾ?" ಎಂದು ನಿಮ್ಮ ದನಿ ಬರುತ್ತದೆ. ಅತ್ತೆಯ ಮುಖ ಅರಳುತ್ತದೆ. ಪಕ್ಕದಲ್ಲಿ ನೆಲ ಒರೆಸುತ್ತಿರುವ ನನಗೆ ಒಂದೇ ಒಂದು ಮಾತಿಲ್ಲ. ನನಗೆ ಹೊಟ್ಟೆಕಿಚ್ಚು, ರೀ. ಅರವತ್ತೆಂಟರ ಮುದುಕಿಯ ಮೇಲೆ, ಅದೂ ನಿಮ್ಮನ್ನು ಹೆತ್ತವರ ಮೇಲೆ! ನಗಬೇಕೆನಿಸಿದರೆ ನಕ್ಕುಬಿಡಿ.

ಇಲ್ಲಿ ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಪ್ರೇಕ್ಷಕರಲ್ಲಿ ಯಾರಾದರೂ ಫೋನ್ ಎತ್ತಿ ಸಿನಿಮಾ ಕದಿಯುತ್ತಾರೇನೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು. ಕತ್ತಲಲ್ಲಿ ಕೂತವರು ಯಾವಾಗ ಅಳುತ್ತಾರೆ, ಯಾವಾಗ ಆಕಳಿಸುತ್ತಾರೆ, ಎಲ್ಲವೂ ಇಲ್ಲಿನ ಕ್ಯಾಮೆರಾಗಳಲ್ಲಿ ನನಗೆ ಕಾಣುತ್ತದೆ. ಈಗ ಓಡುತ್ತಿರುವ ಸಿನಿಮಾದಲ್ಲಿ ನಾಯಕ ನಾಯಕಿಯ ಕೋಣೆಯಲ್ಲಿ ಕದ್ದು ಕ್ಯಾಮೆರಾ ಇಡುತ್ತಾನೆ. ಅವಳು ತಲೆ ಬಾಚಿಕೊಳ್ಳುವುದನ್ನು ನೋಡಿ ಕಣ್ಣೀರು ಹಾಕುತ್ತಾನೆ. ಜನ ಶಿಳ್ಳೆ ಹೊಡೆಯುತ್ತಾರೆ. ನಮ್ಮ ಟಿಕೆಟ್ ಹರಿಯುವಾಕೆ "ಥೂ, ಇಂಥವನನ್ನ ಒದ್ದು ಒಳಗೆ ಹಾಕ್ಬೇಕು" ಎಂದಳು. ಅವಳ ಮಾತು ನಿಜ. ಹೌದು ಹೌದೆಂದು ತಲೆಯಾಡಿಸಿದೆ. ಆದರೆ ಒಳಗೊಳಗೇ ಆ ನಾಯಕಿಯ ಮೇಲೂ ನನಗೆ ಹೊಟ್ಟೆ ಉರಿಯಿತು. ಅವಳು ತಲೆ ಬಾಚಿದ್ದನ್ನು ಒಬ್ಬನಾದರೂ ನೋಡಿದನಲ್ಲ! ಬುದ್ಧಿ ಕೆಟ್ಟರೆ ಹೀಗೆಯೇ.

ಭಾನುವಾರ ನಾನೇನು ಮಾಡಿದೆ ಎನ್ನುವುದು ನಿಮಗೆ ಹೊಳೆದಿರಲಿಕ್ಕಿಲ್ಲ. ನಿಮಗಿಷ್ಟವಾದ ಹಸಿರು ಸೀರೆ ಉಟ್ಟು, ಕಣ್ಣಿಗೆ ಕಾಡಿಗೆ ತೀಡಿಕೊಂಡು, ಸ್ಟೂಲ್ ಎಳೆದುಕೊಂಡು ಅತ್ತೆಯ ಕುರ್ಚಿಯ ಮುಂದೆಯೇ ಕೂತೆ. ಗೋಡೆ ಮಾತಾಡಿತು. "ಸ್ವಲ್ಪ ಪಕ್ಕಕ್ಕೆ ಸರಿ, ಅಮ್ಮ ಕಾಣ್ತಿಲ್ಲ."

ಮೈಯೆಲ್ಲ ಉರಿದುಹೋಯಿತು. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ. ಗೋಡೆ ಹಿಡಿದುಕೊಂಡು ಅತ್ತೆ ಹಿಂದೆಯೇ ಬಂದರು. ಅಲ್ಲಿಗೆ ಕ್ಯಾಮೆರಾದ ಕಣ್ಣು ತಲುಪುವುದಿಲ್ಲ. "ನನ್ನ ಮೇಲೆ ಹೊಟ್ಟೆಕಿಚ್ಚೇನೇ ನಿಂಗೆ? ಹೋಗು, ಆ ಕುರ್ಚೀಲಿ ನೀನೇ ಕೂತ್ಕೋ. ಮಗ ನೋಡ್ತಾನೆ ಅಂತ ದಿನಾ ಬೆನ್ನು ನೆಟ್ಟಗೆ ಮಾಡ್ಕೊಂಡು ಹಲ್ಲು ಬಿಟ್ಕೊಂಡು ಕೂತು ನಂಗೆ ಸಾಕಾಗಿದೆ. ನರಳ್ಬೇಕು ಅಂದ್ರೂ ಇಲ್ಲಿಗೇ ಬರ್ಬೇಕು" ಎಂದರು. ಅಷ್ಟು ಕೇಳಿದ ಮೇಲೂ ನನ್ನ ಕಿಚ್ಚು ಆರಲಿಲ್ಲ ಎಂದರೆ ನಂಬುತ್ತೀರಾ? ನಗುತ್ತಾ ಕೂರುವುದಕ್ಕಾದರೂ ಅವರಿಗೆ ನೋಡುವವರಿದ್ದಾರಲ್ಲ ಎಂದುಕೊಂಡೆ. ಆಮೇಲೆ ಅವರ ಕೈ ಹಿಡಿದು ಕೂರಿಸಿದೆ. ಇಬ್ಬರೂ ಸೇರಿ ನಿಮ್ಮನ್ನು ಚೆನ್ನಾಗಿ ಬೈದೆವು. ಮದುವೆಯಾದ ಮೇಲೆ ಅವರ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಇಂಟರ್ವಲ್ ಆಯಿತು, ಏಳಬೇಕು. ಗೂಡಿನಿಂದ ಇಳಿಯುವಾಗ ಮೆಟ್ಟಿಲು ಜೋಪಾನ. ನಿಮ್ಮ ಜೊತೆಗಾರರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ಮುಖ ಊದಿಸಿಕೊಂಡೇ ಇರುವ,
ನಿಮ್ಮವಳು

ಮರೆಯುವ ಮುನ್ನ: ನಿನ್ನೆಯಿಂದ ಕ್ಯಾಮೆರಾ ಕಪ್ಪಾಗಿದೆಯಲ್ಲ, ರಿಪೇರಿಯವನನ್ನು ಕಳಿಸಬೇಡಿ. ವೈರ್ ಕಿತ್ತದ್ದು ಅತ್ತೆಯೇ. ಬರೆಯಬೇಡ ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ, ಆದರೂ ಬರೆಯುತ್ತಿದ್ದೇನೆ. ಕ್ಯಾಮೆರಾ ಇಲ್ಲದ ಬಚ್ಚಲಲ್ಲಿ ಅವರು ಮತ್ತೆ ಎರಡು ಸಲ ಬಿದ್ದಿದ್ದಾರೆ. ಮೊಣಕಾಲು ಊದಿಕೊಂಡು ಕಪ್ಪಗಾಗಿದೆ. ಮಡಿಲ ಮೇಲೆ ಹೊದಿಕೆ ಹೊದ್ದು ಅದನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ. ನನಗೂ ತೋರಿಸಿದ್ದು ಭಾನುವಾರವೇ. ನಿನ್ನೆ ಕರೆದುಕೊಂಡು ಹೋಗಿ ತೋರಿಸಿದೆ, ಆಪರೇಷನ್ ಆಗಲೇಬೇಕು ಎಂದಿದ್ದಾರೆ ಡಾಕ್ಟರು. ಮಗ ಬಾರದೆ ಒಪ್ಪುವುದಿಲ್ಲ, ಮಗನಿಗೆ ಹೇಳಲೂ ಕೂಡದು ಎಂದು ಅತ್ತೆಯ ಹಟ. ರಜೆ ಸಿಗಲಿ ಬಿಡಲಿ, ಹೊರಟು ಬನ್ನಿ. ಬಂದವರು ಮೊದಲು ಅವರನ್ನೇ ನೋಡಿ. ನಾನು ಕಾಯುತ್ತೇನೆ, ತುಂಬಾ ಹೊತ್ತಲ್ಲ.